‘ಲಿಫ್ಟ್ ಇದೆ ಸಾರ್’ ಅಂದರು, ಮೆಟ್ಟಿಲು ಎಷ್ಟು ಅಂತ ಹೇಳಲಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣಾ, ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಎರಡು ವರ್ಷದ ಹಿಂದೆ ನಮ್ಮ ಯಜಮಾನರು ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ವೀಲ್‌ಚೇರ್ ಬಳಸುತ್ತಾರೆ. ಮಗಳಿಗೆ 11 ವರ್ಷ, ಮಗನಿಗೆ 6. ದಸರಾ ಗಲಾಟೆ ಮುಗಿದ ಮೇಲೆ ಎರಡು ದಿನ ಮೈಸೂರು ನೋಡಬೇಕು ಅಂತ ಮಕ್ಕಳ ಆಸೆ. ಝೂ, ಅರಮನೆ, ರೈಲು, ಇದು ಮಗನ ಪಟ್ಟಿ. ಇವರು ಮಾತ್ರ ‘ನೀವು ಮೂರು ಜನ ಹೋಗಿ ಬನ್ನಿ, ನಾನು ಅಮ್ಮನ ಜೊತೆ ಇರ್ತೀನಿ’ ಅನ್ನುತ್ತಾರೆ. ಎರಡು ಲಾಡ್ಜಿಗೆ ಫೋನ್ ಮಾಡಿದೆ. ಇಬ್ಬರೂ ‘ಬನ್ನಿ ಮೇಡಂ, ನಮ್ಮ ಹುಡುಗರು ಎತ್ಕೊಂಡು ಹೋಗ್ತಾರೆ’ ಅಂದರು. ನಂಬಿ ಹೋಗಬಹುದಾ?
– ಓದುಗಿ, ಸುಂಟಿಕೊಪ್ಪ

ಉತ್ತರ: ಮೈಸೂರಿಗೆ ಹೋಗಿ ತಂಗಿ. ಆ ಎರಡು ಲಾಡ್ಜಿಗೆ ಮಾತ್ರ ಬೇಡ.

‘ಎತ್ಕೊಂಡು ಹೋಗ್ತೀವಿ’ ಅನ್ನುವವರು ಕೆಟ್ಟವರಲ್ಲ. ಆದರೆ ಎತ್ತಿಸಿಕೊಳ್ಳುವವನ ಕಡೆಯ ಮಾತನ್ನೂ ಸ್ವಲ್ಪ ಕೇಳಿ. ನಾನು 13 ವರ್ಷದಿಂದ ಗಾಲಿ ಮೇಲೇ ಇದ್ದೇನೆ. ಅದಕ್ಕೆ ಮುಂಚೆ ಮಡಿಕೇರಿ ಪಕ್ಕದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಒಂದು ಮಳೆಗಾಲ ಜೀಪು ಮಗುಚಿತು, ಅಷ್ಟೇ. ಆಮೇಲೆ ಮೊದಲ ಸಲ ಮನೆಯವರ ಜೊತೆ ಮೈಸೂರಿಗೆ ಹೋದಾಗ ಲಾಡ್ಜಿನ ಇಬ್ಬರು ಹುಡುಗರು ನನ್ನನ್ನು ಕುರ್ಚಿ ಸಮೇತ ಎತ್ತಿದರು. ಒಬ್ಬ ಉದ್ದ, ಒಬ್ಬ ಗಿಡ್ಡ. ನಾಲ್ಕನೇ ಮೆಟ್ಟಿಲಿನಲ್ಲಿ ಕುರ್ಚಿ ವಾಲಿತು. ಕೆಳಗೆ ಬ್ಯಾಗ್ ಹಿಡಿದು ನಿಂತಿದ್ದ ಮಗಳು ಬ್ಯಾಗ್ ಬಿಟ್ಟು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಸುಮ್ನೆ ನಕ್ಕುಬಿಟ್ಟೆ. ರೂಮಿಗೆ ಹೋದ ಮೇಲೆ ಹೆಂಡತಿ ಮೇಲೆ ರೇಗಿದೆ, ‘ನಾನೇನು ಕಾಫಿ ಮೂಟೆನಾ?’ ಅಂತ. ಆಮೇಲೆ ಒಂದು ವರ್ಷ ಎಲ್ಲಿಗೆ ಕರೆದರೂ ನನ್ನ ಉತ್ತರ ಒಂದೇ. ‘ನೀವು ಹೋಗಿ ಬನ್ನಿ.’

ನಿಮ್ಮ ಯಜಮಾನರಿಗೆ ಮೈಸೂರು ಬೇಡ ಅಂತ ಇರಲಾರದು. ಬಾತ್‌ರೂಮ್ ಚಿಂತೆ ಇರಬೇಕು. ಇಲ್ಲ ನಾಲ್ಕು ಜನರ ಮುಂದೆ ಎತ್ತಿಸಿಕೊಳ್ಳುವ ಮುಜುಗರ. ಮಕ್ಕಳು ಮಲಗಿದ ಮೇಲೆ ಕೇಳಿ ನೋಡಿ. ಸುತ್ತಿ ಬಳಸಿ ಕೇಳಬೇಡಿ, ‘ಟಾಯ್ಲೆಟ್ ಸರಿ ಇದ್ರೆ ಬರ್ತೀರಾ?’ ಅಂತ ನೇರ ಕೇಳಿ.

ಆಮೇಲೆ ಒಂದು ಟೇಪು ತೆಗೆದುಕೊಳ್ಳಿ. ಅವರು ಕುರ್ಚಿಯಲ್ಲಿ ಕೂತು ಗಾಲಿ ತಳ್ಳುವ ಹಾಗೆ ಕೈ ಇಡಲಿ. ಈ ಕಡೆಯ ಬೆರಳ ಗೆಣ್ಣಿನಿಂದ ಆ ಕಡೆಯ ಗೆಣ್ಣಿನವರೆಗೆ ಅಳೆಯಿರಿ. ನನ್ನ ಕುರ್ಚಿ 25 ಇಂಚು, ಕೈ ಸೇರಿದರೆ 28. ಬಾಗಿಲು ಅದಕ್ಕಿಂತ ಅಗಲ ಇರಬೇಕು. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ಮೋಸ ಹೋಗುತ್ತೀರಿ. ತೆರೆದ ಬಾಗಿಲ ಹಲಗೆಯೇ ಒಂದೂವರೆ ಇಂಚು ತಿನ್ನುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿ ಬಾಗಿಲಿಗೆ 900 ಮಿಲಿಮೀಟರ್ ಅನ್ನುತ್ತದೆ, ಹತ್ತಿರ ಹತ್ತಿರ 3 ಅಡಿ. ಲಾಡ್ಜಿನ ರೂಮಿನ ಬಾಗಿಲು ಅಷ್ಟಿರುತ್ತದೆ. ಬಾತ್‌ರೂಮಿನದು ಇರುವುದಿಲ್ಲ. ಕಟ್ಟುವಾಗ ಎಲ್ಲರೂ ಜಾಗ ಉಳಿಸುವುದು ಅಲ್ಲೇ.

ನಾವು ಎರಡನೇ ಸಲ ಹೋದಾಗ ಮಗಳಿಗೆ 9 ವರ್ಷ. ಬಡಗಿಯವರ ಹಳದಿ ಟೇಪು ಅವಳ ಜೇಬಿನಲ್ಲಿತ್ತು. ಮ್ಯಾನೇಜರು ‘ನಮ್ದು ದೊಡ್ಡ ಬಾತ್‌ರೂಮ್ ಸಾರ್’ ಅಂತ ನನಗೆ ವಿವರಿಸುತ್ತಾ ನಿಂತಿದ್ದರು. ಇವಳು ರೂಮ್‌ಬಾಯ್ ಜೊತೆ ಮೇಲೆ ಹೋಗಿ, ಅಳೆದು, ಕೆಳಗೆ ಬಂದು, ಟೇಪಿನ ಮೇಲೆ ಉಗುರು ಒತ್ತಿ ಹಿಡಿದೇ ತೋರಿಸಿದಳು. ‘ಅಂಕಲ್, ಇಪ್ಪತ್ನಾಲ್ಕೇ ಇದೆ.’ ಅವರು ಟೇಪನ್ನೇ ಒಮ್ಮೆ ತಿರುಗಿಸಿ ನೋಡಿದರು, ಅದರದ್ದೇ ತಪ್ಪೇನೋ ಅನ್ನುವ ಹಾಗೆ! ನಾವು ಅಲ್ಲಿಂದ ಹೊರಟೆವು. ಈಗ ಹೊರಡುವ ಮುಂಚೆಯೇ ಕೇಳಿಬಿಡುತ್ತೇನೆ: ಬಾತ್‌ರೂಮ್ ಬಾಗಿಲಿಗೆ ಟೇಪು ಹಿಡಿದು ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಅಂತ. ಕಳಿಸುವವರು ಕಳಿಸುತ್ತಾರೆ. ‘ಬನ್ನಿ ನೋಡೋಣ’ ಅನ್ನುವವರ ಹತ್ತಿರ ಹೋಗುವುದೇ ಇಲ್ಲ.

ಲಿಫ್ಟಿನ ಕಥೆಯೂ ಹೀಗೇ. ‘ಲಿಫ್ಟ್ ಇದೆ’ ಅನ್ನುವುದು ಸುಳ್ಳಲ್ಲ. ಆದರೆ ರಸ್ತೆಯಿಂದ ಏಳು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಇದ್ದರೆ ನಮಗೇನು ಬಂತು? ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಕಾರು ನಿಲ್ಲಿಸುವ ಜಾಗದಿಂದ ಲಿಫ್ಟಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಹೊಸ ಕಟ್ಟಡಗಳಲ್ಲಿ ಕೆಲವು ಕಡೆ ಲಿಫ್ಟ್ ಬೇಸ್‌ಮೆಂಟ್ ಪಾರ್ಕಿಂಗ್‌ವರೆಗೂ ಇಳಿಯುತ್ತದೆ. ಅಂಥದ್ದು ಸಿಕ್ಕರೆ ಮುಂದಿನ ಬಾಗಿಲಲ್ಲಿ ಎಷ್ಟು ಮೆಟ್ಟಿಲು ಇದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಇನ್ನು ರ‍್ಯಾಂಪ್ ಇದೆ ಅಂದರೆ ಉದ್ದ ಕೇಳಿ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ, ಲೆಕ್ಕ ಇಷ್ಟೇ. ಆರು ಇಂಚಿನ ಎರಡು ಮೆಟ್ಟಿಲು ಇದ್ದರೆ 12 ಅಡಿ ಬೇಕು. ನಾಲ್ಕು ಅಡಿಯಲ್ಲಿ ಮುಗಿಸಿ ಮೇಲೆ ಪಾಲಿಶ್ ಗ್ರಾನೈಟ್ ಹಾಕಿದ್ದರೆ ಅದು ಜಾರುಬಂಡೆ. ನಿಮ್ಮ ಮಗ ಖುಷಿಯಾಗಿ ಆಡಬಹುದು.

ಕಮೋಡ್ ವೆಸ್ಟರ್ನ್ ಇದ್ದರೆ ಸಾಲದು, ಅದರ ಪಕ್ಕದಲ್ಲಿ ಕುರ್ಚಿ ನಿಲ್ಲುವಷ್ಟು ಜಾಗವೂ ಬೇಕು. ಹೊಸ್ತಿಲ ಕಟ್ಟೆ ಎಷ್ಟು ಎತ್ತರ ಅಂತ ಕೇಳಿ. ಮಡಚುವ ಕಮೋಡ್ ಕುರ್ಚಿ ಡಿಕ್ಕಿಯಲ್ಲಿ ಹಿಡಿಸುವುದಾದರೆ ತೆಗೆದುಕೊಂಡು ಹೋಗಿ, ಅರ್ಧ ಚಿಂತೆ ಅಲ್ಲೇ ಮುಗಿಯುತ್ತದೆ. ಗೀಸರ್ ನೀರನ್ನು ನೀವು ಕೈಯಲ್ಲಿ ಮುಟ್ಟಿ ನೋಡದೆ ಅವರ ಕಾಲಿಗೆ ಹಾಕಬೇಡಿ. ಕಾಲಿಗೆ ಸ್ಪರ್ಶ ಗೊತ್ತಾಗದಿದ್ದರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ.

ಈಗ ಒಂದು ಗಂಭೀರ ಮಾತು. ಸುಂಟಿಕೊಪ್ಪದಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಅಂದರೆ ನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ಹೊತ್ತು ಅಲುಗದೆ ಕೂತರೆ ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಿ ಚರ್ಮಕ್ಕೆ ಆಗುವ ಹುಣ್ಣು, ಶುರುವಾಗುವ ಅಪಾಯ ಇದೆ. ನಾನು ಒಂದು ಸಲ ಕುಶನ್ನನ್ನು ವೀಲ್‌ಚೇರಿನ ಜೊತೆ ಡಿಕ್ಕಿಗೆ ಹಾಕಿ, ಬರೀ ಕಾರಿನ ಸೀಟಿನಲ್ಲಿ ಕೂತು ಹೋದೆ. ಎರಡು ದಿನದ ಪ್ರವಾಸಕ್ಕೆ ಮೂರು ತಿಂಗಳು ಕವುಚಿ ಮಲಗಿದೆ. ಕುಶನ್ ಅವರ ಜೊತೆಗೇ ಇರಲಿ, ಕಾರಿನಲ್ಲೂ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಸೊಂಟ ಎತ್ತಬೇಕು, ಇಲ್ಲವೇ ಚೆನ್ನಾಗಿ ಮುಂದಕ್ಕೆ ಬಾಗಬೇಕು. ನೆನಪಿಸುವ ಕೆಲಸ ಮಗನಿಗೆ ಕೊಡಿ. ಆರು ವರ್ಷದವರಿಗೆ ಅಪ್ಪನಿಗೆ ಆರ್ಡರ್ ಮಾಡುವುದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ. ರಾತ್ರಿ ಮಲಗುವ ಮುಂಚೆ ಚರ್ಮ ಎಲ್ಲಾದರೂ ಕೆಂಪಾಗಿದೆಯಾ ಅಂತ ನೀವು ಒಮ್ಮೆ ನೋಡಿ. ಇನ್ನು ದಾರಿಯಲ್ಲಿ ಒಳ್ಳೆ ಟಾಯ್ಲೆಟ್ ಸಿಗುವುದಿಲ್ಲ ಅಂತ ಹೆದರಿ ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ಬಾಟಲಿ, ಒಂದು ಬೆಡ್‌ಶೀಟು, ಕಾರಿನ ಕಿಟಕಿಗೆ ಪರದೆ ಇದ್ದರೆ ಆಯಿತು. ನಾಚಿಕೆ ಮೊದಲ ಸಲ ಮಾತ್ರ.

ದಿನ ಯಾವುದು? ಭಾನುವಾರ ಹೋಗಿ, ಸೋಮವಾರ ಸಂಜೆ ಬನ್ನಿ. ಕಾರಣ ಹೇಳುತ್ತೇನೆ. ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆ ದಿನ, ರಾತ್ರಿ 7 ಗಂಟೆ ಹೊತ್ತಿಗೆ. ಝೂಗೆ ಮಂಗಳವಾರ ರಜ.

ಭಾನುವಾರ ಮಧ್ಯಾಹ್ನದೊಳಗೆ ರೈಲ್ವೆ ಮ್ಯೂಸಿಯಂ ಮುಗಿಸಿ. 1979ರಲ್ಲಿ ಶುರುವಾದದ್ದು, ರೈಲ್ವೆ ಸ್ಟೇಷನ್ ಹತ್ತಿರವೇ ಇದೆ. ಹಳೇ ಉಗಿಬಂಡಿಗಳು ಬಯಲಲ್ಲೇ ನಿಂತಿವೆ, ಮಕ್ಕಳಿಗೆ ಪುಟ್ಟ ರೈಲೂ ಇದೆ. ಜಿಲ್ಲೆಯಲ್ಲಿ ಒಂದು ಇಂಚು ರೈಲು ಹಳಿಯೂ ಇಲ್ಲದ ನಮ್ಮ ಕೊಡಗಿನ ಮಕ್ಕಳಿಗೆ ಅಷ್ಟೇ ಸಾಕು. ನನ್ನ ಮಗಳು ಬಂಡಿಯ ಚಕ್ರದ ಪಕ್ಕ ನಿಂತು, ‘ಅಪ್ಪಾ, ನಿನ್ನ ಗಾಲಿಗಿಂತ ದೊಡ್ಡದು’ ಅಂದಿದ್ದಳು. ಆಮೇಲೆ ಲಾಡ್ಜಿಗೆ ಹೋಗಿ ಎಲ್ಲರೂ ಮಲಗಿ. ಯಜಮಾನರು ಕಡ್ಡಾಯವಾಗಿ ಒಂದು ಗಂಟೆ ಮಗ್ಗುಲಾಗಿ ಮಲಗಬೇಕು.

ಅರಮನೆ ದೀಪಕ್ಕೆ ಆರೂಕಾಲಿಗೇ ಅಂಗಳ ಸೇರಿ, ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ. ತಡವಾದರೆ ನಿಂತವರಿಗೆ ಅರಮನೆ ಕಾಣುತ್ತದೆ, ಕೂತವರಿಗೆ ನಿಂತವರ ಬೆನ್ನು. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತುತ್ತದೆ. ಆ ಕ್ಷಣದಲ್ಲಿ ನಾನು ಅರಮನೆ ನೋಡುವುದಿಲ್ಲ, ಮಕ್ಕಳ ಮುಖ ನೋಡುತ್ತೇನೆ. ದೀಪ ಆರಿದ ಕೂಡಲೇ ಜನ ಗೇಟಿಗೆ ನುಗ್ಗುತ್ತಾರೆ. ಹತ್ತು ನಿಮಿಷ ಅಲ್ಲೇ ಕೂತಿರಿ. ಹಳೇ ಮರದ ಅರಮನೆ 1897ರಲ್ಲಿ ಮದುವೆ ಸಮಯದಲ್ಲಿ ಬೆಂಕಿಗೆ ಸುಟ್ಟಿದ್ದು, ಈಗಿನದು 1912ರಲ್ಲಿ ಮುಗಿದದ್ದು, ಈ ಕಥೆ ಹೇಳಲು ಅಷ್ಟು ಹೊತ್ತು ಸರಿಯಾಗುತ್ತದೆ. ಅರಮನೆ ಒಳಗೂ ನೋಡಬೇಕು ಅಂದರೆ ಸೋಮವಾರ ಮಧ್ಯಾಹ್ನ ಇಟ್ಟುಕೊಳ್ಳಿ. ದರ್ಬಾರ್ ಹಾಲ್ ಮಹಡಿಯಲ್ಲಿದೆ. ನಾನು ಮೇಲೆ ಹೋಗಲಿಲ್ಲ. ಕೆಳಗೆ ಕಲ್ಯಾಣ ಮಂಟಪದಲ್ಲಿ ನವಿಲಿನ ಬಣ್ಣದ ಗಾಜಿನ ಛಾವಣಿ ನೋಡುತ್ತಾ ಕೂತಿದ್ದೆ. ನನಗೇನೂ ಕಡಿಮೆ ಆಗಲಿಲ್ಲ.

ಸೋಮವಾರ ಝೂ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಪ್ರಾಣಿಗಳೂ ಎದ್ದಿರುತ್ತವೆ, ಬಿಸಿಲೂ ಇರುವುದಿಲ್ಲ. 1892ರ ಝೂ, 157 ಎಕರೆ. ಪೂರ್ತಿ ಸುತ್ತಲು ಹೋಗಬೇಡಿ, ಕೈ ಸೋಲುತ್ತದೆ. ಬ್ಯಾಟರಿ ಗಾಡಿ ಇದೆ, ಆದರೆ ಕುರ್ಚಿಯಿಂದ ಸೀಟಿಗೆ ಜರುಗಬೇಕಾಗುತ್ತದೆ. ಅವರಿಗೆ ಆ ಅಭ್ಯಾಸ ಇದ್ದರೆ ಮಾತ್ರ. ಸೈಕಲ್ ಓಡಿಸುವವರು ಹಾಕುವ ಅರ್ಧ ಬೆರಳಿನ ಗ್ಲೌಸ್ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಮಗಳಿಗೆ ಕುರ್ಚಿ ಹಿಡಿಯಲು ಬಿಡಬೇಡಿ, ಅವಳು ಎಷ್ಟೇ ಹಟ ಮಾಡಲಿ. ಅದು ನಿಮ್ಮ ಕೆಲಸ. ಅವಳಿಗೆ ಟೇಪಿನ ಕೆಲಸ ಇದೆಯಲ್ಲ.

ಅಲ್ಲಿ ಒಂದು ವಿಷಯ ಗಮನಿಸಿ. ಕುರ್ಚಿಯಲ್ಲಿ ಕೂತವನ ಕಣ್ಣೂ ಆರು ವರ್ಷದ ಮಗುವಿನ ಕಣ್ಣೂ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಬರುತ್ತವೆ. ನಿಮಗೆ ಕಟಕಟೆಯ ಮೇಲಿಂದ ಹುಲಿ ಕಾಣುತ್ತದೆ, ಅವರಿಬ್ಬರಿಗೂ ಸರಳಿನ ಸಂದಿನಿಂದ ಕಾಣುತ್ತದೆ. ‘ಅಲ್ಲಿ ನೋಡು, ಕಲ್ಲಿನ ಹಿಂದೆ ಬಾಲ’ ಅಂತ ಅಪ್ಪ ತೋರಿಸಿದ್ದು ಮಗನಿಗೆ ಮೊದಲ ಸಲಕ್ಕೇ ಸಿಗುತ್ತದೆ. ನೀವೂ ಮಗಳೂ ಹುಡುಕುತ್ತಾ ಇರುತ್ತೀರಿ. ಜಿರಾಫೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಬೃಂದಾವನ ಬಿಟ್ಟುಬಿಡಿ, ಮೆಟ್ಟಿಲೇ ಜಾಸ್ತಿ. ಊಟಕ್ಕೆ ಮೆಟ್ಟಿಲಿರುವ ಹೋಟೆಲ್ ಸಿಕ್ಕರೆ ಮಸಾಲೆ ದೋಸೆ ಕಾರಿಗೇ ತರಿಸಿಕೊಳ್ಳಿ. ಸೀಟಿಗೆ ಚಟ್ನಿ ಬೀಳುತ್ತದೆ, ಬೀಳಲಿ.

ಪ್ರಶ್ನೆ: ಸರ್, ನಾವು ಮೈಸೂರಿನವರು. ನಮ್ಮ ಅಮ್ಮನಿಗೆ 74 ವರ್ಷ, ಮಂಡಿ ನೋವಿನಿಂದ ವೀಲ್‌ಚೇರ್ ಬೇಕು. ಅಮ್ಮ ಮತ್ತು ಇಬ್ಬರು ಮಕ್ಕಳ ಜೊತೆ ಎರಡು ದಿನ ಮಡಿಕೇರಿಗೆ ಬಂದರೆ ಏನು ನೋಡಬಹುದು?
– ಓದುಗ, ಮೈಸೂರು

ಉತ್ತರ: ನಾವು ಇಳಿದು ಅಲ್ಲಿಗೆ, ನೀವು ಹತ್ತಿ ಇಲ್ಲಿಗೆ! ಸರಿ. ಮೊದಲು ಬೇಡದ್ದು ಹೇಳುತ್ತೇನೆ. ಅಬ್ಬಿ ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು, ತಲಕಾವೇರಿಯಲ್ಲಿ ಹತ್ತಬೇಕು. ಮಾಂದಲ್‌ಪಟ್ಟಿ ಜೀಪಿನ ಕುಲುಕಾಟ ಅಮ್ಮನ ಮಂಡಿಗಲ್ಲ. ದುಬಾರೆಗೆ ದೋಣಿ, ನಿಸರ್ಗಧಾಮಕ್ಕೆ ತೂಗುಸೇತುವೆ.

ಬರುವ ದಾರಿಯಲ್ಲೇ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಗಿಸಿಕೊಳ್ಳಿ. ಆವರಣ ಸಮತಟ್ಟಾಗಿದೆ, ಬುದ್ಧನ ವಿಗ್ರಹ 60 ಅಡಿ, ಕೂತಲ್ಲಿಂದಲೇ ಕಾಣುತ್ತದೆ. ಮಡಿಕೇರಿಯಲ್ಲಿ ಸಂಜೆ ರಾಜಾಸೀಟ್. ಮಂಟಪಕ್ಕೆ ಮೆಟ್ಟಿಲಿದೆ, ಅದನ್ನು ಬಿಡಿ. ತೋಟದ ಅಂಚಿನಿಂದ ಕಾಣುವುದೂ ಅದೇ ಸೂರ್ಯ. ಮಾರನೇ ದಿನ ಕೋಟೆ, ಒಳಗಿರುವ ಎರಡು ಗಾರೆ ಆನೆಗಳ ಪಕ್ಕ ಮಕ್ಕಳ ಫೋಟೋ. ಜನರಲ್ ತಿಮ್ಮಯ್ಯನವರು ಬೆಳೆದ ಮನೆ ‘ಸನ್ನಿ ಸೈಡ್’ 2021ರಿಂದ ಮ್ಯೂಸಿಯಂ ಆಗಿದೆ. ಹೊರಗೆ ನಿಂತಿರುವ ಟ್ಯಾಂಕ್ ಬಿಟ್ಟು ಮಕ್ಕಳು ಕದಲುವುದಿಲ್ಲ. ಓಂಕಾರೇಶ್ವರ ದೇವಸ್ಥಾನವನ್ನು ಅಮ್ಮ ಕೇಳಿಯೇ ಕೇಳುತ್ತಾರೆ. 1820ರ ಕಟ್ಟಡ, ಕಲ್ಲಿನ ಮೆಟ್ಟಿಲಿದೆ. ಕೈಹಿಡಿದು ನಾಲ್ಕು ಹೆಜ್ಜೆ ಇಡಬಲ್ಲರಾದರೆ ನಿಧಾನಕ್ಕೆ ಕರೆದುಕೊಂಡು ಹೋಗಿ. ಇಲ್ಲವಾದರೆ ಹೊರಗಿಂದಲೇ ಕೈಮುಗಿಯಲಿ.

ಹೋಂಸ್ಟೇ ಬುಕ್ ಮಾಡುವಾಗ ಎಚ್ಚರ. ನಮ್ಮಲ್ಲಿ ಮನೆಗಳು ಗುಡ್ಡದ ಮೇಲೋ ಇಳಿಜಾರಿನಲ್ಲೋ ಇರುತ್ತವೆ. ಫೋಟೋದಲ್ಲಿ ಮಂಜು, ಕಾಫಿ ತೋಟ, ಕಪ್ಪಿನಲ್ಲಿ ಹಬೆಯಾಡುವ ಕಾಫಿ ಎಲ್ಲಾ ಇರುತ್ತದೆ. ಗೇಟಿನಿಂದ ಮನೆವರೆಗಿನ ದಾರಿ ಇರುವುದಿಲ್ಲ. ಆ ಫೋಟೋ ಕೇಳಿ ತರಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಪಾಚಿ ಮೇಲೆ ನಮ್ಮ ಗಾಲಿಗಳೇ ನಿಲ್ಲುವುದಿಲ್ಲ. ನವೆಂಬರ್ ಮೇಲೆ ಬನ್ನಿ. ಅಮ್ಮನ ಕಾಲಿಗೆ ಹೊದಿಸಲು ಒಂದು ದಪ್ಪ ಶಾಲು ಇರಲಿ. ಓಡಾಡುವ ನಿಮಗೆ ಗೊತ್ತಾಗುವುದಿಲ್ಲ, ಕೂತವರಿಗೆ ಇಲ್ಲಿಯ ಚಳಿ ಮೊಣಕಾಲಿನಿಂದಲೇ ಶುರುವಾಗುತ್ತದೆ.