‘ಮೊದಲಿಗರು’ ಎಂದರೆ ಯಾವುದರಲ್ಲಿ?

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಕಲ್ಕತ್ತೆಯ ಬೆಥೂನ್ ಶಾಲೆಯ ಬಗ್ಗೆ ಬರೆಯುತ್ತ ಕಾದಂಬಿನಿ ಗಂಗೂಲಿಯವರನ್ನು ‘ದೇಶದ ಮೊದಲ ವೈದ್ಯೆ’ ಎಂದಿದ್ದೀರಿ. ನಾವು ಮಕ್ಕಳಿಗೆ ಹೇಳಿಕೊಟ್ಟದ್ದು ಆನಂದಿಬಾಯಿ ಜೋಶಿಯವರ ಹೆಸರು. ಯಾವುದು ಸರಿ? ನಮ್ಮ ಬಾಲಿಕಾ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಸಾಧಕಿಯರ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ತಪ್ಪಾಗದಂತೆ ಹೇಗೆ ಮಾಡಲಿ?” – ಒಬ್ಬ ನಿವೃತ್ತ ಶಿಕ್ಷಕಿ

ಸಂಪಾದಕರ ಉತ್ತರ:

ಮಾನ್ಯರೇ,

ತಪ್ಪು ನಮ್ಮದು. ‘ಮೊದಲ’ ಎಂದು ಬರೆದೆವು, ಯಾವುದರಲ್ಲಿ ಎಂಬುದನ್ನು ಬಿಟ್ಟೆವು. ಆನಂದಿಬಾಯಿ 1886ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪಡೆದರು. ಊರಿಗೆ ಮರಳಿ ಕೆಲವೇ ತಿಂಗಳಲ್ಲಿ, 1887ರ ಫೆಬ್ರುವರಿಯಲ್ಲಿ, ವೃತ್ತಿ ಆರಂಭಿಸುವ ಮೊದಲೇ ತೀರಿಕೊಂಡರು. ಕಾದಂಬಿನಿ ಅದೇ 1886ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿದರು. ಅವರಿಗೆ ಸಿಕ್ಕಿದ್ದು ಎಂ.ಬಿ. ಎಂಬ ವಿಶ್ವವಿದ್ಯಾಲಯದ ವೈದ್ಯಕೀಯ ಪದವಿ ಅಲ್ಲ, ಜಿ.ಬಿ.ಎಂ.ಸಿ. (ಬಂಗಾಳ ವೈದ್ಯಕೀಯ ಕಾಲೇಜಿನ ಗ್ರಾಜುಯೇಟ್) ಎಂಬ ಅರ್ಹತೆ. ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು, 1893ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿನ ಅರ್ಹತೆಗಳನ್ನೂ ಗಳಿಸಿ ಬಂದರು. ಹೀಗಾಗಿ ‘ಇಲ್ಲೇ ಓದಿ, ಇಲ್ಲೇ ರೋಗಿಗಳನ್ನು ನೋಡಿದ ಮೊದಲಿಗರಲ್ಲಿ ಒಬ್ಬರು’ ಎಂದು ಬರೆಯಬೇಕಿತ್ತು.

ಬಿ.ಎ. ವಿಷಯದಲ್ಲೂ ಹೀಗೇ. 1883ರಲ್ಲಿ ಬೆಥೂನ್ ಕಾಲೇಜಿನಿಂದ ಮೊದಲು ಪದವಿ ಪಡೆದವರು ಇಬ್ಬರು, ಕಾದಂಬಿನಿ ಮತ್ತು ಚಂದ್ರಮುಖಿ ಬಸು. ಒಬ್ಬರ ಹೆಸರು ಬರೆದರೆ ಇನ್ನೊಬ್ಬರಿಗೆ ಅನ್ಯಾಯ. ಚಂದ್ರಮುಖಿ 1884ರಲ್ಲಿ ಎಂ.ಎ. ಮಾಡಿ, ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರಾದರು.

ನಿಮ್ಮ ಪಟ್ಟಿಗೆ ಬರೋಣ. ಶಾಲೆಯ ದಾಖಲಾತಿ ಪುಸ್ತಕದಿಂದಲೇ ಶುರುಮಾಡಿ. ಹಳೆಯ ವಿದ್ಯಾರ್ಥಿನಿಯರು ನೆನಪಿನಿಂದ ಹೇಳುವ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಪುಸ್ತಕದಲ್ಲಿ ಹುಡುಕಿ. ಹೆಚ್ಚಿನ ತೊಡಕು ಹೆಸರಿನಲ್ಲೇ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗುತ್ತದೆ, ಗಂಡನ ಹೆಸರು ಸೇರುತ್ತದೆ. ಒಂದೇ ತರಗತಿಯಲ್ಲಿ ಮೂವರು ಸಾವಿತ್ರಿಯರಿದ್ದರೆ ಹೆಸರೊಂದರಿಂದ ಗುರುತು ಹಿಡಿಯಲಾಗದು. ದಾಖಲಾತಿ ಸಂಖ್ಯೆ, ತಂದೆಯ ಹೆಸರು, ಊರು, ಈ ಮೂರೂ ಕೂಡಿಬಂದರೆ ಮಾತ್ರ ಒಪ್ಪಿಕೊಳ್ಳಿ. ಹುಟ್ಟಿದ ದಿನವನ್ನು ನಂಬಬೇಡಿ. ಸೇರಿಸುವಾಗ ಅಂದಾಜಿಗೆ ಬರೆಸಿದ ತಾರೀಕುಗಳು ಹಳೆಯ ಪುಸ್ತಕಗಳಲ್ಲಿ ಬಹಳ ಇರುತ್ತವೆ. ಟಿ.ಸಿ. ಪುಸ್ತಕದ ಉಳಿಕೆ ಪ್ರತಿ ಸಿಕ್ಕರೆ ಯಾವ ತರಗತಿಯವರೆಗೆ ಓದಿದರು ಎಂಬುದೂ ಖಚಿತವಾಗುತ್ತದೆ.

ಆ ‘ಎಲ್ಲಿಯವರೆಗೆ’ ಮುಖ್ಯ. ರಸಾಯನ ವಿಜ್ಞಾನಿ ಅಸೀಮಾ ಚಟರ್ಜಿ ಬೆಥೂನ್ ಶಾಲೆಯವರು, ಬಿ.ಎಸ್ಸಿ. ಮಾಡಿದ್ದು ಮಾತ್ರ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ. ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಪಡೆದ (1961) ಆ ಮೊದಲ ಮಹಿಳೆಯನ್ನು ಎರಡೂ ಕಡೆಯವರು ತಮ್ಮವರೆಂದರೆ ತಪ್ಪೇನಿಲ್ಲ, ಯಾವ ಹಂತದಲ್ಲಿ ಎಂದು ಬರೆದರಾಯಿತು.

ಉದ್ಯೋಗದ ಕಾಲಂನಲ್ಲಿ ಡಾಕ್ಟರ್, ಎಂಜಿನಿಯರ್, ಅಧಿಕಾರಿ ಎಂದಷ್ಟೇ ತುಂಬಿಸಿದರೆ ಪಟ್ಟಿ ಬಡವಾಗುತ್ತದೆ. ಬೆಥೂನ್‌ನಲ್ಲಿ ಓದಿದ ಅಬಲಾ ಬೋಸ್ ವೈದ್ಯಕೀಯ ಕಲಿಯಲು ಮದರಾಸಿಗೆ ಹೋದರು, ಅನಾರೋಗ್ಯದಿಂದ ಓದು ಅರ್ಧಕ್ಕೇ ನಿಂತಿತು. ಪದವಿಯನ್ನೇ ಅಳತೆಗೋಲು ಮಾಡಿಕೊಂಡರೆ ಅವರು ಪಟ್ಟಿಗೆ ಬರುವುದೇ ಇಲ್ಲ. 1919ರಲ್ಲಿ ನಾರೀ ಶಿಕ್ಷಾ ಸಮಿತಿ ಕಟ್ಟಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು ಅವರೇ. 1890ರಲ್ಲಿ ಬೆಥೂನ್‌ನಿಂದ ಬಿ.ಎ. ಮಾಡಿದ ಸರಳಾದೇವಿ ನಮ್ಮ ಮೈಸೂರಿನ ಮಹಾರಾಣಿ ಬಾಲಿಕಾ ಶಾಲೆಗೆ ಪಾಠ ಹೇಳಲು ಬಂದಿದ್ದರು. ಇಲ್ಲಿದ್ದದ್ದು ಸ್ವಲ್ಪ ಕಾಲ, ಆದರೂ ಮೈಸೂರಿನ ಶಾಲೆಯ ಚರಿತ್ರೆಗೂ ಆ ಹೆಸರು ಸೇರಬೇಕು. ನಿಮ್ಮಲ್ಲಿ ಓದಿ ಬೇರೆ ಊರಿನ ಶಾಲೆಗಳಲ್ಲಿ ಪಾಠ ಮಾಡಿದವರನ್ನು ‘ಬರೀ ಟೀಚರ್’ ಎಂದು ಬಿಟ್ಟುಬಿಡಬೇಡಿ, ದಯವಿಟ್ಟು.

ಇನ್ನೊಂದು ಎಚ್ಚರಿಕೆ. ಓದಿದ ವರ್ಷ, ಪದವಿ ಸಿಕ್ಕಿದ ವರ್ಷ ಎರಡಕ್ಕೂ ಬೇರೆಬೇರೆ ಕಾಲಂ ಇರಲಿ. ಕ್ರಾಂತಿಕಾರಿ ಪ್ರೀತಿಲತಾ ವದ್ದೇದಾರ್ ಬೆಥೂನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1932ರಲ್ಲಿ. ಬ್ರಿಟಿಷ್ ಸರ್ಕಾರ ಪದವಿ ತಡೆಹಿಡಿಯಿತು. ಅದೇ ವರ್ಷ ಚಿತ್ತಗಾಂಗ್‌ನ ಪಹಾರ್ತಲಿಯಲ್ಲಿದ್ದ ಯುರೋಪಿಯನ್ನರ ಕ್ಲಬ್ಬಿನ ಮೇಲಿನ ದಾಳಿಯಲ್ಲಿ ಅವರು ಪ್ರಾಣ ಕೊಟ್ಟರು. ಕಲ್ಕತ್ತಾ ವಿಶ್ವವಿದ್ಯಾಲಯ ಅವರಿಗೂ, ಹೀಗೇ ಪದವಿ ತಡೆಹಿಡಿಯಲಾಗಿದ್ದ ಇನ್ನೊಬ್ಬ ಕ್ರಾಂತಿಕಾರಿ ಬೀನಾ ದಾಸ್ ಅವರಿಗೂ ಪದವಿ ಕೊಟ್ಟಿದ್ದು 2012ರಲ್ಲಿ. 2011ರವರೆಗೆ ಪದವೀಧರರ ಪಟ್ಟಿ ನೋಡಿದವರಿಗೆ ಆ ಎರಡು ಹೆಸರು ಸಿಕ್ಕುತ್ತಿರಲಿಲ್ಲ. ನಿಮ್ಮ ಎರಡನೇ ಕಾಲಂ ಖಾಲಿ ಉಳಿದರೆ, ಅದೊಂದೇ ಕಾರಣಕ್ಕೆ ಯಾರ ಹೆಸರನ್ನೂ ಹೊಡೆದುಹಾಕಬೇಡಿ.