ಗುಳಿಗೆ ಅಗ್ಗ, ಅಲೆದಾಟ ದುಬಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನಸ್ಸಿನ ಕಾಯಿಲೆಗೆ ಆಗುವ ಖರ್ಚನ್ನು ಹೇಗೆ ನಿಭಾಯಿಸುವುದು ಎಂದು ಕೇಳಿದ ಪತ್ರಗಳೇ ಈ ಸಲ ಹೆಚ್ಚು. ಅವುಗಳಲ್ಲಿ ಆರನ್ನು ಆಯ್ದುಕೊಂಡಿದ್ದೇವೆ. ಹೆಸರು ಬೇಡವೆಂದು ಎಲ್ಲರೂ ಕೇಳಿದ್ದರಿಂದ ಊರಿನ ಹೆಸರಷ್ಟೇ ಇದೆ.

ನಮ್ಮನೆಯವರಿಗೆ ಖಿನ್ನತೆ ಇದೆ ಅಂತ ಖಾಸಗಿ ದವಾಖಾನೆಯಲ್ಲಿ ಹೇಳಿ ನಾಲ್ಕು ತಿಂಗಳಾಯಿತು. ಫೀಸು, ಗುಳಿಗೆ, ಬಸ್ಸು ಸೇರಿ ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ನಾನು ಹೊಲಿಗೆಯಲ್ಲಿ ದುಡಿದದ್ದೆಲ್ಲ ಅದಕ್ಕೇ ಸರಿಹೋಗುತ್ತದೆ. ಈಗ ಆರಾಮ ಇದ್ದಾರೆ. ಗುಳಿಗೆ ಬಿಡಿಸಬಹುದೇ? — ಆಳಂದ

ಬಿಡಿಸಬೇಡಿ ಅಕ್ಕ. ಖರ್ಚು ಇಳಿಸೋಣ, ಗುಳಿಗೆ ನಡೆಯಲಿ. ಖಿನ್ನತೆಯ ಗುಳಿಗೆ ಕೆಲಸ ಶುರು ಮಾಡುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಆರಾಮಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಹಾಗಾದರೆ ಮೊದಲ ತಿಂಗಳ ಖರ್ಚಿನಿಂದಲೇ ಮತ್ತೆ ಶುರುಮಾಡಬೇಕಾಗುತ್ತದೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಮೂರೂ ಸರ್ಕಾರಿ ದವಾಖಾನೆಗಳಲ್ಲಿ ಮನೋವೈದ್ಯರು ನೋಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಗುಳಿಗೆಯೂ ಪುಕ್ಕಟೆ. ಅಷ್ಟು ದೂರ ಹೋಗುವ ಮೊದಲು ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಎಂಬ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲೂಕಿಗೆ ಬರುವ ಏರ್ಪಾಡಿದೆ. ಈ ವಾರ ಬರುತ್ತಾರೋ ಇಲ್ಲವೋ ಎಂದು ಆಶಾ ಕಾರ್ಯಕರ್ತೆಯಿಂದ ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ.

ದವಾಖಾನೆ ಬದಲಿಸುವಾಗ ಎಡವುವುದು ಎರಡು ಕಡೆ. ಮೊದಲನೆಯದು, ಮನೆಯಲ್ಲಿ ಗುಳಿಗೆ ಮುಗಿದ ಮೇಲೆ ಹೋಗುವುದು. ಆವತ್ತು ವೈದ್ಯರು ರಜೆಯಿದ್ದರೆ ನಡುವೆ ನಾಲ್ಕು ದಿನ ತಪ್ಪಿತೆಂದೇ ಲೆಕ್ಕ. ಹತ್ತು ದಿನದ ಗುಳಿಗೆ ಕೈಯಲ್ಲಿರುವಾಗಲೇ, ಹಳೆಯ ಚೀಟಿ ಮತ್ತು ಖಾಲಿ ಸ್ಟ್ರಿಪ್ ಹಿಡಿದು, ಬೆಳಗಿನ ಓಪಿಡಿಗೆ ಹೋಗಿ. ಎರಡನೆಯದು ಹೆಸರಿನ ಕೊನೆಗೆ ‘ಪ್ಲಸ್’ ಎಂದಿರುವ ಗುಳಿಗೆ. ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದಿ: ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ಜೊತೆ ಕ್ಲೊನಜೆಪಾಮ್ 0.5 ಮಿಲಿಗ್ರಾಂ ಎಂದಿದ್ದರೆ ಅದರಲ್ಲಿ ಎರಡು ಔಷಧಿ ಇವೆ, ಮೊದಲನೆಯದು ಖಿನ್ನತೆಗೆ, ಎರಡನೆಯದು ಆತಂಕ ಇಳಿಸಿ ನಿದ್ದೆ ಬರಿಸಲು. ಸರ್ಕಾರಿ ಕೌಂಟರಿನಲ್ಲಿ ಬರೀ ಎಸ್ಸಿಟಲೋಪ್ರಾಮ್ ಕೊಟ್ಟರೆ ಕ್ಲೊನಜೆಪಾಮ್ ಥಟ್ಟನೆ ನಿಂತುಹೋಗುತ್ತದೆ. ನಿದ್ದೆ ಹಾರಿ, ಕೈ ನಡುಗಿ, “ಸರ್ಕಾರಿ ಗುಳಿಗೆ ನಮಗೆ ಆಗಿಬರಲಿಲ್ಲ” ಎಂದು ಜನ ವಾಪಸ್ ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸ್ಟ್ರಿಪ್ ತೋರಿಸಿ, ಕ್ಲೊನಜೆಪಾಮ್ ಹೇಗೆ ಇಳಿಸಬೇಕೆಂದು ಬರೆಸಿಕೊಳ್ಳಿ.

ಸರ್ಕಾರಿ ಕೌಂಟರಿನಲ್ಲಿ ಸ್ಟಾಕ್ ಇಲ್ಲದ ತಿಂಗಳು ಜನೌಷಧಿ ಕೇಂದ್ರಕ್ಕೆ ಹೋಗಿ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್ ಅಲ್ಲಿ ಬ್ರ್ಯಾಂಡಿನ ಬೆಲೆಗಿಂತ ಅರ್ಧಕ್ಕೂ ಕಡಿಮೆಗೆ ಸಿಗುತ್ತವೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಯಲು ವೈದ್ಯರಿಗೆ ಹೇಳಿ. ಆರಾಮ ಇದ್ದಾಗ ಪ್ರತಿ ಸಲವೂ ರೋಗಿಯೇ ಬರಬೇಕೇ ಎಂದೂ ಕೇಳಿ. ಒಪ್ಪಿದರೆ ಚೀಟಿ ಹಿಡಿದು ನೀವೇ ಹೋಗಬಹುದು. ಶಕ್ತಿ ಯೋಜನೆಯಲ್ಲಿ ನಿಮಗೆ ಬಸ್ಸು ಪುಕ್ಕಟೆ, ಅವರ ಒಂದು ದಿನದ ಕೂಲಿಯೂ ಉಳಿಯುತ್ತದೆ.

ಇನ್ನು ಪರೀಕ್ಷೆಗಳು. ಮೊದಲ ಸಲ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸುವುದು ಸರಿಯೇ. ಥೈರಾಯ್ಡ್ ಕಮ್ಮಿಯಾದರೆ, ರಕ್ತ ಕಮ್ಮಿಯಾದರೆ ಕಾಣುವ ಸುಸ್ತು ಖಿನ್ನತೆಯಂತೆಯೇ ಇರುತ್ತದೆ. ಫಲಿತಾಂಶ ಸರಿಯಿದ್ದರೆ ತಿಂಗಳು ತಿಂಗಳು ಅವೇ ಬೇಕಿಲ್ಲ. ಬರೀ ಖಿನ್ನತೆಗೆ ಮಿದುಳಿನ ಸ್ಕ್ಯಾನ್ ಸಾಮಾನ್ಯವಾಗಿ ಬೇಡ.

ನಿದ್ದೆ ಬರಲ್ಲವೆಂದು ಔಷಧಿ ಅಂಗಡಿಯವರು ಕೊಟ್ಟ ಅಲ್ಪ್ರಜೋಲಾಮ್ ಎರಡು ತಿಂಗಳಿಂದ ತಗೊಳ್ಳುತ್ತಿದ್ದೇನೆ. ಅಗ್ಗವಿದೆ, ಮುಂದುವರಿಸಲೇ? — ಸೇಡಂ

ಅದು ಎರಡರಿಂದ ನಾಲ್ಕು ವಾರದ ಔಷಧಿ. ಅದರಾಚೆ ದೇಹ ಒಗ್ಗಿಕೊಂಡು ಹೆಚ್ಚು ಹೆಚ್ಚು ಕೇಳುತ್ತದೆ. ಚೀಟಿಯಿಲ್ಲದೆ ಮಾರುವುದೇ ಕಾನೂನಿಗೆ ವಿರುದ್ಧ. ಆದರೆ ಇದನ್ನು ಓದಿ ಇವತ್ತು ರಾತ್ರಿಯೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಅಲ್ಲಿಯವರೆಗೆ ಗುಳಿಗೆಯ ಜೊತೆ ಸಾರಾಯಿ, ಸೇಂದಿ ಯಾವುದೂ ಬೇಡ. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ.

ಮಳೆಗೆ ತೊಗರಿ ಹೋಯಿತು. ಅಪ್ಪ ಮಾತು ಬಿಟ್ಟಿದ್ದಾರೆ. “ನಾ ಇದ್ದರೇನು, ಇಲ್ಲದಿದ್ದರೇನು” ಅಂತಾರೆ. ದವಾಖಾನೆಗೆ ದುಡ್ಡಿಲ್ಲ. — ಜೇವರ್ಗಿ

ತಮ್ಮಾ, ದುಡ್ಡಿನ ಮಾತು ಆಮೇಲೆ. ಇವತ್ತೇ ಎರಡು ಕೆಲಸ ಮಾಡು. ತೊಗರಿಗೆ ಹೊಡೆಯಲು ತಂದ ಔಷಧಿ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಎಲ್ಲೆಲ್ಲಿದೆಯೋ ಎಲ್ಲ ಸೇರಿಸಿ ಬೇರೆಯವರ ಮನೆಯಲ್ಲಿ ಬೀಗದೊಳಗೆ ಇಡಿಸು. ಕೀಲಿ ಅಪ್ಪನ ಕೈಗೆ ಸಿಗಬಾರದು. ಸಾಯುವ ಯೋಚನೆ ಬಹಳ ಸಲ ಅಲೆಯಂತೆ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಎರಡನೆಯದು, ಪಕ್ಕದಲ್ಲಿ ಕೂತು ನೇರವಾಗಿ ಕೇಳು: “ಅಪ್ಪಾ, ಸಾಯಬೇಕು ಅನ್ನಿಸ್ತದೇನು?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬ ಭಯ ಬೇಡ. ಕೇಳಿದ್ದಕ್ಕೆ ಹಗುರಾದವರೇ ಹೆಚ್ಚು. “ಹೌದು” ಅಂದರೆ ರಾತ್ರಿ ಒಬ್ಬರನ್ನೇ ಬಿಡಬೇಡಿ, ಬೆಳಿಗ್ಗೆ ಜಿಮ್ಸ್‌ಗೆ ಕರೆತನ್ನಿ. ನಡುರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಪುಕ್ಕಟೆ. ಕೈಮೀರುತ್ತಿದೆ ಅನ್ನಿಸಿದರೆ 108.

ಸಾಲದವರ ಕಾಟವೇ ಮೂಲವಾಗಿದ್ದರೆ ಅದಕ್ಕೆ ಗುಳಿಗೆ ಮದ್ದಲ್ಲ. ಮೈಕ್ರೊ ಫೈನಾನ್ಸ್‌ನವರು ಮನೆಬಾಗಿಲಲ್ಲಿ ಕೂತು ಹೆದರಿಸುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಪೊಲೀಸರಿಗೆ ದೂರು ಕೊಡಬಹುದು. ಉಚಿತ ಕಾನೂನು ನೆರವಿನ ನಂಬರು 15100.

ಅಣ್ಣ ಎರಡು ವರ್ಷದಿಂದ ಲಿಥಿಯಂ ತಗೊಳ್ಳುತ್ತಾನೆ. ಬೇಸಿಗೆಯಲ್ಲಿ ಹೊಲಕ್ಕೆ ಹೋದರೆ ಕೈ ನಡುಗುತ್ತದೆ. ರಕ್ತಪರೀಕ್ಷೆಗೆ ಪದೇಪದೇ ದುಡ್ಡು ಹಾಕಬೇಕೇ? — ಶಹಾಪುರ

ಈ ಒಂದು ಖರ್ಚು ಉಳಿಸಬಾರದು. ಲಿಥಿಯಂ ಮನಸ್ಸಿನ ವಿಪರೀತ ಏರಿಳಿತವನ್ನು ಹತೋಟಿಯಲ್ಲಿಡುವ ಗುಳಿಗೆ. ಅದರಲ್ಲಿ ಸಾಲುವಷ್ಟಕ್ಕೂ ವಿಷವಾಗುವಷ್ಟಕ್ಕೂ ಅಂತರ ಬಹಳ ಕಮ್ಮಿ. ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ನೋಡಿಸಲೇಬೇಕು. ಜೊತೆಗೆ ವೈದ್ಯರು ಹೇಳಿದ ಕಾಲಕ್ಕೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಥೈರಾಯ್ಡ್. ರಾತ್ರಿ ಗುಳಿಗೆ ತಗೊಂಡು 12 ಗಂಟೆಯಾದ ಮೇಲೆ, ಬೆಳಗಿನ ಗುಳಿಗೆಗೆ ಮೊದಲು ರಕ್ತ ಕೊಡಬೇಕು. ಗುಳಿಗೆ ನುಂಗಿಯೇ ಲ್ಯಾಬಿಗೆ ಹೋದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ, ಪರೀಕ್ಷೆಯ ದುಡ್ಡು ದಂಡ.

ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರಿ ನೀರು, ಉಪ್ಪು ಕಳೆದುಹೋದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಹೊಲಕ್ಕೆ ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಒಯ್ಯಲಿ, ನಡುಮಧ್ಯಾಹ್ನದ ಕೆಲಸ ಬೇಡ. ಊಟದಲ್ಲಿ ಉಪ್ಪನ್ನು ಒಮ್ಮೆಲೇ ಕಡಿಮೆ ಮಾಡಬಾರದು. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತರಬೇಡಿ, ಅವೂ ಲಿಥಿಯಂ ಏರಿಸುತ್ತವೆ. ಪ್ಯಾರಾಸಿಟಮಾಲ್ ಆಗುತ್ತದೆ.

ಬೆರಳು ಸಣ್ಣಗೆ ನಡುಗುವುದು ಈ ಗುಳಿಗೆಗೆ ಸಾಮಾನ್ಯ. ಆದರೆ ನಿಮ್ಮಣ್ಣನಿಗೆ ಬಿಸಿಲಿಗೆ ನಡುಕ ಹೆಚ್ಚುತ್ತಿದೆ ಎಂದರೆ ಈ ವಾರವೇ ಪರೀಕ್ಷೆ ಮಾಡಿಸಿ. ಕೈ ಜೋರಾಗಿ ನಡುಗಿ, ವಾಂತಿ ಭೇದಿಯಾಗಿ, ಹೆಜ್ಜೆ ತಪ್ಪಿ, ಮಾತು ತೊದಲಿದರೆ ಮುಂದಿನ ಗುಳಿಗೆ ಕೊಡದೆ, ಸ್ಟ್ರಿಪ್ ಸಮೇತ ಆ ಕ್ಷಣವೇ ದವಾಖಾನೆಗೆ.

ತಂಗಿಗೆ ದೆವ್ವ ಹಿಡಿದಿದೆ ಎಂದು ಮನೆಯವರು ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ದವಾಖಾನೆಗೂ ತೋರಿಸಿದ್ದೇವೆ. ಎರಡೂ ನಡೆಯುತ್ತದೆಯೇ? — ಅಫಜಲಪುರ

ದತ್ತಾತ್ರೇಯನಿಗೆ ನಡೆದುಕೊಳ್ಳುವುದಕ್ಕೆ ಯಾವ ವೈದ್ಯರದೂ ತಕರಾರಿಲ್ಲ. ಗುಳಿಗೆ ಡಬ್ಬಿಯೂ ಜೊತೆಗೆ ಹೋಗಲಿ, ಅಷ್ಟೇ. ಅಲ್ಲಿ ಎಷ್ಟು ದಿನ ಇರುತ್ತೀರೋ ಅದಕ್ಕಿಂತ ಮೂರು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ಕಟ್ಟಿಹಾಕುವುದು, ಹೊಡೆಯುವುದು ಮಾತ್ರ ಕೂಡದು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಕಲಬುರಗಿಯಲ್ಲಿ ರೂಮು ಮಾಡಿ ಪರೀಕ್ಷೆಗೆ ಓದುತ್ತಿದ್ದೇನೆ. ಎದೆ ಢವಢವ, ಓದಿದ್ದು ತಲೆಗೆ ಹತ್ತಲ್ಲ. ಕೌನ್ಸೆಲಿಂಗ್ ಫೀಸು ಕೊಡಲಾಗದು. — ಯಾದಗಿರಿ

14416 ಇಂಥದಕ್ಕೂ ಇದೆ. ರೂಮಿನಲ್ಲಿ ನಾಲ್ವರ ನಡುವೆ ಮಾತಾಡಲು ಸಂಕೋಚವಾದರೆ ಸಂಜೆ ಅಪ್ಪನ ಕೆರೆಯ ಕಡೆ ನಡೆದುಹೋಗಿ ಅಲ್ಲಿಂದ ಫೋನ್ ಮಾಡಿ, ಅರ್ಧ ಗಂಟೆ ನಡೆದಂತೆಯೂ ಆಯಿತು. ಏನು ಹೇಳಬೇಕೆಂದು ಮೊದಲೇ ನಾಲ್ಕು ಸಾಲು ಬರೆದುಕೊಳ್ಳಿ: ಯಾವಾಗಿನಿಂದ, ನಿದ್ದೆ ಎಷ್ಟು, ಊಟ ಹೇಗೆ, ಯಾವುದು ಹೆಚ್ಚು ಕಾಡುತ್ತದೆ.

ದಿನಕ್ಕೆ ಎಷ್ಟು ಚಹಾ ಎಂದು ನೀವು ಬರೆದಿಲ್ಲ. ಓದುವ ಹುಡುಗರಲ್ಲಿ ಏಳೆಂಟು ಕಪ್ ಅಪರೂಪವಲ್ಲ, ಎದೆ ಢವಗುಟ್ಟಲು ಅಷ್ಟೇ ಸಾಕು. ಎರಡು ಕಪ್ಪಿಗೆ ಇಳಿಸಿ, ಮಧ್ಯಾಹ್ನ ಮೂರರ ಮೇಲೆ ಬೇಡ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ದಿನಕ್ಕೊಂದರಂತೆ ಕಡಿಮೆ ಮಾಡಿ. ಮಲಗುವ ಹೊತ್ತು ಹೆಚ್ಚುಕಮ್ಮಿಯಾದರೂ ಏಳುವ ಹೊತ್ತು ಒಂದೇ ಇರಲಿ. ಮನೆಯಿಂದ ಕಟ್ಟಿಕೊಟ್ಟ ಕಟಿ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಬೆಳಗಿನ ಹೊಟ್ಟೆಗೆ ಅದೇ ಸಾಕು, ಖಾಲಿ ಹೊಟ್ಟೆಗೆ ಚಹಾ ಮಾತ್ರ ಬೇಡ. ಇಷ್ಟು ಮಾಡಿಯೂ ಎರಡು ವಾರ ದಿನದ ಬಹುಪಾಲು ಬೇಜಾರು, ಯಾವುದರಲ್ಲೂ ಆಸಕ್ತಿಯಿಲ್ಲ ಎಂದಾದರೆ ಜಿಮ್ಸ್‌ನ ಮನೋವೈದ್ಯರ ಓಪಿಡಿಗೆ ಹೋಗಿ. ಆಧಾರ್ ಕಾರ್ಡ್ ಜೊತೆಗಿರಲಿ, ಕೌಂಟರ್ ತೆರೆಯುವ ಹೊತ್ತಿಗೇ ಸಾಲಿನಲ್ಲಿ ನಿಂತರೆ ಮಧ್ಯಾಹ್ನದೊಳಗೆ ರೂಮಿಗೆ ಬರಬಹುದು.