‘ಮಾತಾ’ ಅಂದರೆ ತಾಯಿಯಲ್ಲ, ಕಣ್ಣು

ನಮಸ್ಕಾರ. ‘ಮಾತಾ’ ಎಂಬ ಪದದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

ಇಂಡೋನೇಷ್ಯಾದಲ್ಲೂ ಫಿಲಿಪೀನ್ಸ್‌ನ ಸೆಬುವಾನೊ ಭಾಷೆಯಲ್ಲೂ ‘ಮಾತಾ’ ಅಂದರೆ ಕಣ್ಣು. ಅಷ್ಟು ಸರಿ ಬರೆದಿದ್ದೀರಿ. ಆದರೆ ಇಂಡೋನೇಷಿಯನ್ನರು ಸೂರ್ಯನನ್ನು ಕರೆಯುವ ‘ಮಾತಾಹಾರಿ’ ನಮ್ಮ ಮಾತೆ ಮತ್ತು ಹರಿ ಸೇರಿ ಆದದ್ದು ಎನ್ನುವುದು ತಪ್ಪು. ಅಲ್ಲಿ ‘ಹಾರಿ’ ಅಂದರೆ ದಿನ. ಸೂರ್ಯ ಅಂದರೆ ಹಗಲಿನ ಕಣ್ಣು! ಆಫ್ರಿಕಾ ಪಕ್ಕದ ಮಡಗಾಸ್ಕರ್‌ ದ್ವೀಪದವರೂ ಸೂರ್ಯನಿಗೆ ‘ಮಾಸುಆಂಡ್ರು’ ಅನ್ನುತ್ತಾರೆ. ಅದೂ ಹಗಲಿನ ಕಣ್ಣೇ. ಇಂಥ ಚಿತ್ರ ಕೈಯಲ್ಲಿರುವಾಗ ಹರಿಯನ್ನು ಯಾಕೆ ಎಳೆದು ತಂದಿರಿ?

ಎರಡು ಪದಗಳಿಗೆ ನಂಟಿದೆ ಅನ್ನಲು ಅವು ಕಿವಿಗೆ ಒಂದೇ ಥರ ಕೇಳಿದರೆ ಸಾಲದು. ಹಳಗನ್ನಡದ ಪಾಲ್, ಪೂ ನಮ್ಮಲ್ಲಿ ಹಾಲು, ಹೂವು ಆದವು ಅಲ್ವಾ? ಅಂಥ ಕ್ರಮ ಕಾಣಬೇಕು. ಸೆಬುವಾನೊದಲ್ಲಿ ‘ತ’ ಇರುವ ಕಡೆ ಹವಾಯಿ ಭಾಷೆಯಲ್ಲಿ ‘ಕ’ ಬರುತ್ತದೆ. ಕಣ್ಣಿಗೆ ಇಲ್ಲಿ ಮಾತಾ, ಅಲ್ಲಿ ಮಾಕಾ. ಮೂರಕ್ಕೆ ಇಲ್ಲಿ ತುಲೊ, ಅಲ್ಲಿ ಕೊಲು. ಇವೆಲ್ಲ ಆಸ್ಟ್ರೊನೇಷಿಯನ್ ಕುಟುಂಬದ, ಅಂದರೆ ಮಡಗಾಸ್ಕರ್‌ನಿಂದ ಹವಾಯಿವರೆಗಿನ ಈ ಭಾಷೆಗಳ ಬಳಗದ, ಸ್ವಂತ ಪದಗಳು. ಸಂಸ್ಕೃತದ ಸಾಲವೇ ಬೇಕಿದ್ದರೆ ‘ದೇವತೆ’ಯ ಬಗ್ಗೆ ಬರೆಯಿರಿ. ಇಂಡೋನೇಷ್ಯಾದಲ್ಲಿ ಅದು ದೇವಾತಾ, ಸೆಬುವಾನೊದಲ್ಲಿ ದಿವಾತಾ. ಆದರೆ ಅದು ಬೇರೆಯೇ ಲೇಖನ.

ನಿಮ್ಮ ನಿಜವಾದ ಲೇಖನ ಶುರುವಾಗುವುದು ಮೂರನೇ ಪುಟದಲ್ಲಿ. ಮಲಗಿದ ಮಗನನ್ನು ಸೆಬುವಾನೊ ತಾಯಿ ‘ಮಾತಾ ನಾ!’ ಎಂದು ಎಬ್ಬಿಸುತ್ತಾಳೆ. ಕಣ್ಣು ಎನ್ನುವ ಪದವೇ ಅಲ್ಲಿ ‘ಎದ್ದೇಳು’ ಆಗಿದೆ. ಈ ಸಾಲು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇಂಡೋನೇಷಿಯನ್ ‘ಮಾತಾ’ ಹೀಗೆ ಎಬ್ಬಿಸುವುದಿಲ್ಲ. ಅದು ಬೇರೆ ದಾರಿ ಹಿಡಿದಿದೆ. ನೀರಿನ ಕಣ್ಣು ಅಂದರೆ ಒರತೆ, ಕಾಲಿನ ಕಣ್ಣು ಅಂದರೆ ಪಾದದ ಕೀಲು, ಹರಡು. ಹಳದಿ ಒಡೆಯದಂತೆ ಕಾವಲಿಯಲ್ಲಿ ಬೇಯಿಸಿದ ಮೊಟ್ಟೆ ‘ಮಾತಾ ಸಾಪಿ’, ಅಂದರೆ ಹಸುವಿನ ಕಣ್ಣು. ನಮ್ಮ ಹೋಟೆಲುಗಳಲ್ಲಿ ಅದೇ ಮೊಟ್ಟೆ ಬುಲ್ಸ್‌ಐ! ಗೂಢಚಾರ ‘ಮಾತಾ-ಮಾತಾ’. ಬೇಹುಗಾರಿಕೆಯ ಆರೋಪದಲ್ಲಿ 1917ರಲ್ಲಿ ಫ್ರಾನ್ಸ್ ಗುಂಡಿಟ್ಟು ಕೊಂದ ನರ್ತಕಿ ಮಾತಾ ಹಾರಿಯ ಹೆಸರು ಇದರಿಂದ ಬಂತು ಎಂದಿದ್ದೀರಿ. ಅದನ್ನೂ ತೆಗೆಯಿರಿ. ಆಕೆ ಇಟ್ಟುಕೊಂಡದ್ದು ಸೂರ್ಯನ ಹೆಸರು.

ಮೊದಲ ಎರಡು ಪುಟ ಪೂರ್ತಿ ಬಿಡಿ. ‘ಮಾತಾ ನಾ!’ದಿಂದ ಶುರುಮಾಡಿ. ಕನ್ನಡವನ್ನು ತರಲೇಬೇಕು ಅನಿಸಿದರೆ ತೆಂಗಿನಕಾಯಿಯ ಮೂರು ಕಣ್ಣು, ಬಿತ್ತನೆಯ ಕಬ್ಬಿನ ತುಂಡಿನ ಕಣ್ಣು ತನ್ನಿ. ಪಕ್ಕಪಕ್ಕ ಇಡಿ ಸಾಕು, ನಂಟು ಕಟ್ಟಬೇಡಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.